ಹಾಲಿನ ಕ್ಯಾನಿನಲ್ಲಿ ಬಂದ ಹವಳ

ಅಕ್ಕೂರಿನ ದೇವರಾಜುಗೆ ಭಾಮೈದ ಲೋಕೇಶನ ಮೇಲೆ ಸಿಟ್ಟು ಹುಟ್ಟಿ ಮೂರು ವರ್ಷ ದಾಟಿತು, ಇನ್ನೂ ಬೆಚ್ಚಗೇ ಇದೆ. ಜಮೀನು ಒತ್ತಿದ, ಮದುವೆಗೆ ಕರೆಯಲಿಲ್ಲ, ಅಂಥ ಜುಜುಬಿ ಕಾರಣವಲ್ಲ. ಬಿಡದಿಯಲ್ಲಿ ಲೋಕೇಶ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ಇನ್ನೂರು ಜನದ ಎದುರಿಗೆ, ಸ್ವಂತ ಅಕ್ಕನ ಗಂಡನಿಗೆ, "ಭಾವ, ಗಾಜು ಮುಟ್ಟಬೇಡಿ. ಕೈ ತೊಳ್ಕೊಂಡಿದ್ದೀರಾ?" ಅಂದ.

ದೇವರಾಜು ಮೂವತ್ತು ವರ್ಷದಿಂದ ರೇಷ್ಮೆ ಹುಳ ಸಾಕುವವನು. ಹುಳದ ಮನೆಗೆ ಕಾಲಿಡುವ ಮುಂಚೆ ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕೈಕಾಲು ತೊಳೆದೂ ತೊಳೆದೂ ಬೆರಳ ಗೆರೆಯೇ ಸವೆದುಹೋಗಿ, ಆಧಾರ್ ಮಾಡಿಸುವಾಗ ಬೆರಳಚ್ಚು ಮೂಡದೆ ನಾಲ್ಕು ಸಲ ಅಲೆದವನು. ದೊಡ್ಡ ಸಾಹೇಬರೊಬ್ಬರು ಹುಳ ನೋಡಲು ಬಂದಾಗ ಬೂಟು ಬಿಚ್ಚಿಸಿ, ಕೈ ತೊಳೆಸಿ, ಜೇಬಲ್ಲಿದ್ದ ಸಿಗರೇಟು ಹೊರಗೆ ಇಡಿಸಿಯೇ ಒಳಗೆ ಬಿಟ್ಟವನು. ಅಂಥವನನ್ನು ಕೈ ತೊಳೆದೆಯಾ ಅಂತ ಕೇಳಿದ್ದು ಯಾರು? ಹೈಸ್ಕೂಲು ಮುಗಿಯುವವರೆಗೂ ಮುಖ ತೊಳೆಯೋಕೆ ಅವರಮ್ಮ ಮೂರು ಸಲ ಕೂಗಬೇಕಾಗಿದ್ದ ಲೋಕೇಶ!

ಆ ಗಾಜಿನ ಒಳಗಿದ್ದದ್ದಾದರೂ ಏನು? ದೇವರ ಫೋಟೋ ಇರಬೇಕಾದ ಗೋಡೆಗೆ ನಾಲ್ಕಡಿ ತೊಟ್ಟಿ, ಅದರಲ್ಲಿ ಉಪ್ಪುನೀರು, ಐದು ಮೀನು, ಮಧ್ಯದಲ್ಲಿ ಒಂದು ಹವಳ. ಹವಳ ಅಂದರೆ ಉಂಗುರಕ್ಕೆ ಹಾಕಿಸುವ ಕೆಂಪು ಹರಳಲ್ಲ, ಜೀವಂತ ಹವಳ. ಒಂಬತ್ತು ಕೊಂಬೆಯ ಕಲ್ಲು, ಕೊಂಬೆಗೊಂದು ಬಾಯಿ, ಬಾಯಿ ಸುತ್ತ ಹಸಿರು ಕುಚ್ಚು. ಲೋಕೇಶ ಸೂಪರ್‌ವೈಸರ್ ಆಗಿರುವ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಮನೆಯಲ್ಲಿ ಬೆಳೆಸಿದ್ದನ್ನು ಕೊಟ್ಟು ಹೋಗಿದ್ದರು. ಇವನು ತಿಂಗಳಿಗೊಂದು ಫೋಟೋ ಅವರಿಗೆ ಕಳಿಸುತ್ತಿದ್ದ. ಹೆತ್ತ ತಾಯಿಗೆ ಮೊಣಕಾಲು ನೋವು ಅಂದರೆ "ಗೂಗಲ್ ಮಾಡ್ತೀನಿ ಇರಮ್ಮ" ಅನ್ನುವವನು, ಹವಳದ ಕುಚ್ಚು ಒಸಿ ಬಾಗಿದರೆ ರಜ ಹಾಕುತ್ತಿದ್ದ.

ಹೋದ ಆಯುಧಪೂಜೆ ದಿನ ಲೋಕೇಶ ಕಾರ್ಖಾನೆ ಪೂಜೆ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಮಾಗಡಿ ಕಡೆ ಗುಡೇಮಾರನಹಳ್ಳಿಗೆ, ಅತ್ತೆಮನೆ ಹಬ್ಬಕ್ಕೆ ಹೋದ. ಮನೆಯಲ್ಲಿ ಉಳಿದದ್ದು ತಾಯಿ ಸರಸಮ್ಮ ಒಬ್ಬರೇ. ಎಪ್ಪತ್ತೆರಡು ವರ್ಷದ ಜೀವ, ಹಬ್ಬದ ದಿನ ಸುಮ್ಮನೆ ಕೂರುವುದುಂಟಾ? ಹನ್ನೆರಡು ಗಂಟೆ ಹೊತ್ತಿಗೆ ಅಳಿಯನಿಗೆ ಫೋನು ಮಾಡಿದರು.

"ಅಳಿಯಂದ್ರೇ, ಸ್ಕೂಟ್ರು, ಮಿಕ್ಸಿ, ಬಟ್ಟೆ ಒಗೆಯೋ ಮಿಷನ್ನು, ಎಲ್ಲಕ್ಕೂ ಕುಂಕುಮ ಇಟ್ಟೆ. ಈ ಮೀನಿನ ತೊಟ್ಟಿಗೂ ಒಂದು ಮೋಟ್ರು ಐತಲ್ಲ, ಅದುಕ್ಕೇನು ಮಾಡ್ಲಿ? ಅದು ನಿಲ್ಲೋದೇ ಇಲ್ಲ, ಗುರ್ ಅಂತಾನೇ ಇರ್ತೈತೆ."

ದೇವರಾಜು ಆಗತಾನೇ ಬೋರ್‌ವೆಲ್ ಸ್ಟಾರ್ಟರಿಗೆ, ಸ್ಪ್ರೇಯರಿಗೆ, ಸೊಪ್ಪು ಕತ್ತರಿಸುವ ಮಿಷನ್ನಿಗೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಊರಿಗೇ ಪೂಜೆ ಹೇಳಿಕೊಡುವ ಗತ್ತಿನಲ್ಲಿ ನಿಂತಿದ್ದ.

"ಮೋಟ್ರು ಅಂದ್ಮೇಲೆ ಮೋಟ್ರೇ ಕಣತ್ತೆ. ಓಡ್ತಿರೋ ಯಂತ್ರಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ? ಸ್ವಿಚ್ ಆರ್ಸಿ, ತೊಳ್ದು, ಕುಂಕುಮ ಇಡಿ. ನಾಳೆ ಮಂಗಳಾರತಿ ಆದ್ಮೇಲೆ ಹಾಕಿದ್ರಾಯ್ತು. ವರ್ಸವೆಲ್ಲಾ ದುಡೀತೈತೆ ಪಾಪ, ಒಂದಿನ ರಜ ಕೊಡಿ ಅದುಕ್ಕೂ."

ಹೀಗಂದು ತನ್ನ ಮಾತಿಗೆ ತಾನೇ ಮೆಚ್ಚಿ ನಕ್ಕ.

ಮಾರನೆಯ ದಿನ ಮಧ್ಯಾಹ್ನ ಲೋಕೇಶ ಮನೆಗೆ ಬಂದಾಗ ಮೋಟಾರು ಸೇವಂತಿಗೆ ಹೂವು ಮುಡಿದು, ಬಾಳೆ ಎಲೆ ಮೇಲೆ ನಿಂಬೆಹಣ್ಣಿನ ಪಕ್ಕ ಮದುವಣಗಿತ್ತಿ ಹಾಗೆ ಕೂತಿತ್ತು. ಐದು ಮೀನೂ ಹೊಟ್ಟೆ ಮೇಲೆ ಮಾಡಿದ್ದವು. ನೀರು ಅಕ್ಕಿ ತೊಳೆದ ನೀರಾಗಿತ್ತು. ಹವಳ ಬೆಳ್ಳಗಾಗಿ ಲೋಳೆ ಬಿಡುತ್ತಿತ್ತು.

ಸಂಜೆ ಲೋಕೇಶ ಅಕ್ಕನಿಗೆ ಫೋನು ಮಾಡಿದ. ಅಕ್ಕ ಅಂದರೆ ದೇವರಾಜು ಹೆಂಡತಿ ಪುಟ್ಟಿ. ಅವಳು ಮುದ್ದೆ ತೊಳಸುತ್ತಿದ್ದವಳು ಫೋನು ಸ್ಪೀಕರಿಗೆ ಹಾಕಿ ಒಲೆ ಪಕ್ಕ ಇಟ್ಟಳು.

"ಅಕ್ಕ, ನಿಮ್ಮಮ್ಮ ಏನ್ ಮಾಡವ್ಳೆ ಗೊತ್ತಾ? ಇಪ್ಪತ್ನಾಲ್ಕು ಗಂಟೆ ಪಂಪ್ ಆಫ್! ಯಾರಮ್ಮ ಹೇಳಿದ್ದು ನಿಂಗೆ ಅಂದ್ರೆ, ಯಾರೂ ಹೇಳಿಲ್ಲ ಕಣಪ್ಪ, ನಂಗೇ ತೋಚ್ತು ಅಂತಾಳೆ! ಹೆಂಗಕ್ಕ ಇಂಥವರನ್ನ ಮನೇಲಿ ಇಟ್ಕೊಳ್ಳೋದು?"

ತಟ್ಟೆ ಮುಂದೆ ಕೂತಿದ್ದ ದೇವರಾಜು ನೀರು ಕುಡಿದ. ಮತ್ತೆ ಕುಡಿದ.

"ಅಯ್ಯೋ, ಅಮ್ಮಂಗೆ ಯಾಕೆ ಈ ಬುದ್ಧಿ ಬಂತೋ," ಅಂತ ಪುಟ್ಟಿ ಕೊರಗಿದಳು. ಅದು ಯಾರ ಬುದ್ಧಿ ಅನ್ನುವುದು ಆ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನು ಇನ್ನೊಂದು ಚೆಂಬು ನೀರು ಕೇಳಿದ. ಕಾಲುವೆ ನೀರಿಗೆ ಜಗಳವಾದರೆ ಊರಿನ ಮುಂದೆ ಎದೆ ತಟ್ಟಿ ನಿಲ್ಲುವ ಗಂಡು, ಫೋನಿಗೆ ಮುಖ ಕೊಟ್ಟು "ನಾನೇ ಕಣ್ಲಾ ಹೇಳಿದ್ದು" ಅನ್ನುವ ಮೂರು ಮಾತು ಆಡಲು ಆಗದೆ ಎದ್ದು ಹೋಗಿ ಹುಳಕ್ಕೆ ಸೊಪ್ಪು ಹಾಕಿದ. ಹುಳ ಹೊಟ್ಟೆ ತುಂಬಾ ತಿಂದಿತ್ತು. ಆದರೂ ಹಾಕಿದ.

ಮರುದಿನ ಬೆಳಗ್ಗೆ ಹತ್ತೂವರೆ ಬಸ್ಸಿಗೆ ಸರಸಮ್ಮ ಬಂದಿಳಿದರು. ಒಂದು ಕೈಯಲ್ಲಿ ಬಟ್ಟೆ ಬ್ಯಾಗು, ಇನ್ನೊಂದರಲ್ಲಿ ಮುಚ್ಚಳ ಹಾಕಿದ ಐದು ಲೀಟರಿನ ಹಾಲಿನ ಕ್ಯಾನು.

"ಲೋಕೇಶ ರಾತ್ರಿ ಇದನ್ನ ಹೊಸ ಉಪ್ಪುನೀರಿನ ಬಕೀಟಿಗೆ ಹಾಕಿದ್ದ. ಬೆಳಗ್ಗೆ ನೋಡಿ, ಹೋಯ್ತು ಬಿಸಾಕು ಅಂದ," ಅಂತ ಕ್ಯಾನು ಜಗಲಿ ಮೇಲಿಟ್ಟರು. "ಒಂದು ಕೊಂಬೇಲಿ ಚೂರು ಹಸುರೈತೆ ಅಳಿಯಂದ್ರೆ. ನೀವು ಎಂತೆಂಥಾ ಹುಳ ಬದುಕಿಸಿದ್ದೀರಿ. ಇದು ಎದ್ರೆ ನಾನು ಆ ಮನೆಗೆ ಹೋಯ್ತೀನಿ. ಅಲ್ಲೀವರೆಗೆ ಅವನ ಮುಖ ನೋಡಕ್ಕೆ ನಂಗಾಗಲ್ಲ."

ಪುಟ್ಟಿ ಕಾಫಿಗೆ ಅಂತ ಒಳಗೆ ಹೋದಳು. ದೇವರಾಜು ಮೆಲ್ಲಗೆ, "ಅತ್ತೆ, ನಾನು ಹೇಳ್ದೆ ಅಂತ ಯಾಕೆ ಅನ್ನಲಿಲ್ಲ?" ಅಂದ.

"ನೀವಿಬ್ರೂ ಮೊದಲೇ ಮಾತಾಡೋದೇ ಕಮ್ಮಿ. ಇನ್ನ ಇದೂ ಅಂದ್ರೆ ಪುಟ್ಟಿ ತವರಿಗೆ ಹೆಂಗೆ ಹೋಯ್ತಾಳೆ? ಬುಡಿ."

ಬಿಡಿ ಅಂದರೆ ಬಿಡುವುದರಲ್ಲಿ ದೇವರಾಜುಗೆ ಯಾವ ಕಷ್ಟವೂ ಇರಲಿಲ್ಲ. ಆಗಲೇ ಮನಸ್ಸಿನಲ್ಲಿ ಒಂದು ಒಪ್ಪಂದವನ್ನೂ ಮಾಡಿಕೊಂಡ: ಈ ಕಲ್ಲು ಸತ್ತರೆ ಬಿಡದಿಗೆ ಹೋಗಿ ಒಪ್ಪಿಕೊಳ್ಳುವುದು. ಬದುಕಿದರೆ ಅತ್ತೆ ಮನೆಗೆ ಹೋಗುತ್ತಾರೆ, ಇವನು ಬಾಯಿ ಬಿಡಬೇಕಾದ್ದೇ ಇಲ್ಲ. ಕೈ ತೊಳೆದೆಯಾ ಅಂದವನ ಮುಂದೆ ತಲೆ ತಗ್ಗಿಸುವುದಕ್ಕಿಂತ ಕಲ್ಲಿಗೆ ಜೀವ ತುಂಬುವುದೇ ಸಲೀಸು ಅನ್ನಿಸಿತು ಅವನಿಗೆ. ಕ್ಯಾನು ಎತ್ತಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದ.

ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಮುಕ್ತಿಯಾರನದು ಬಣ್ಣದ ಮೀನಿನ ಅಂಗಡಿ. ಮುಂಚೆ ರಾಮನಗರದಲ್ಲಿ ರೀಲರ್ ಆಗಿದ್ದವನು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದು ತೆಗೆದು ಬೆರಳು ಬೆಂದ ಮೇಲೆ ತಣ್ಣೀರಿನ ಕಸುಬಿಗೆ ಬಂದವನು. ಗೂಡಿನ ಮಾರ್ಕೆಟ್ಟಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ವರ್ಷಗಟ್ಟಲೆ ಬೈದಾಡಿಕೊಂಡ ಹಳೆಯ ಪರಿಚಯ.

"ಅರೆ ದೇವರಾಜಣ್ಣ! ಹಾಲಿನ ಯಾಪಾರ ಶುರು ಮಾಡಿದ್ರಾ?"

"ಮುಚ್ಚಳ ತೆಗೆದು ನೋಡಿ ಸಾಬ್ರೆ. ನನ್ನ ಚಿನ್ನದಂಥ ಗೂಡನ್ನ ಜೊಳ್ಳು ಅಂತ ಬಿಸಾಕಿದ ಕೈಯಲ್ವಾ ಇದು? ಇದನ್ನೂ ಒಂದ್ಸಲ ಹಿಂಗೇ ಬಿಸಾಕಿ, ನಾನು ಮನೆಗೆ ಹೋಯ್ತೀನಿ."

ಮುಕ್ತಿಯಾರ್ ಕ್ಯಾನಿನೊಳಗೆ ಬೆರಳದ್ದಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ. "ಜೊಳ್ಳಲ್ಲ ಅಣ್ಣ. ಇದರಲ್ಲಿ ಇನ್ನೂ ನೂಲೈತೆ. ನಿಮ್ಮ ಆ ಗೂಡು ಮಾತ್ರ ಜೊಳ್ಳೇ."

ಒಂಬತ್ತು ಕೊಂಬೆಯಲ್ಲಿ ಐದು ಕೊಳೆತಿದ್ದವು. "ಕೊಂಬೆಗೊಂದು ಬಾಯಿ. ಪಕ್ಕದ್ದು ಸತ್ರೂ ಇದು ಬದುಕ್ತದೆ, ಅಣ್ತಮ್ಮಂದಿರ ಥರ," ಅಂತ ಮುಕ್ತಿಯಾರ್ ಐದನ್ನೂ ಕತ್ತರಿಸಿ ಎಸೆದ. ಉಳಿದ ನಾಲ್ಕನ್ನು ಕಂದು ಔಷಧಿ ನೀರಲ್ಲಿ ಅದ್ದಿ ತೆಗೆದ. ಒಂದು ಹಳೆಯ ಗಾಜಿನ ತೊಟ್ಟಿ, ಅಂಗೈಯಗಲದ ಮೋಟಾರು, ತನ್ನದೇ ತೊಟ್ಟಿಯ ಹಳೇ ನೀರು, ಅದಕ್ಕೆಂದೇ ಬರುವ ಉಪ್ಪಿನ ಡಬ್ಬ ಕೊಟ್ಟ. "ಮನೆ ಉಪ್ಪು ಹಾಕಿದ್ರೆ ಉಪ್ಪಿನಕಾಯಿ ಆಗ್ತದೆ, ಹುಷಾರ್. ಬೋರ್ ನೀರೂ ಬೇಡ. ಬೆಳಕು ಕಮ್ಮಿ ಇರಲಿ. ಒಂದೇ ಥರ ಬೆಚ್ಚಗಿರಲಿ, ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿ."

ದೇವರಾಜುಗೆ ನಗು ಬಂತು. ಇಪ್ಪತ್ತೈದು ಡಿಗ್ರಿ ಅಂತ ಅವನಿಗೆ ಹೇಳುವುದೇ? ಹುಳದ ಮನೆಗೆ ಒದ್ದೆ ಗೋಣಿ ಕಟ್ಟಿ, ಕಿಟಕಿ ಒಂದು ಗೇಣು ತೆರೆದು ಮುಚ್ಚಿ, ಮೂವತ್ತು ವರ್ಷ ಮಾಡಿದ್ದು ಇನ್ನೇನು? ಬೆಂಗಳೂರಿನಿಂದ ಪುಸ್ತಕ ತರಿಸಿ ಲೋಕೇಶ ಓದಿಕೊಂಡದ್ದೆಲ್ಲ ಇಷ್ಟೇನಾ?

ನಡುಮನೆ ಮೂಲೆಯಲ್ಲಿ ತೊಟ್ಟಿ ಕೂತಿತು. ಅವತ್ತಿನಿಂದ ಆ ಮನೆಗೆ ಹುಳದ ಮನೆಯ ಕಾನೂನು ಜಾರಿಯಾಯಿತು. ಊದುಬತ್ತಿ ಬಂದ್. ಸೊಳ್ಳೆ ಬತ್ತಿ ಬಂದ್. ಹೊಗೆಸೊಪ್ಪು ಹಾಕಿದವರು ಹಟ್ಟಿ ಅಂಗಳದಿಂದಲೇ ಮಾತಾಡಿ ಹೋಗಬೇಕು. ಊರಿನ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ಕ್ಯಾನು ತುಂಬಿಸಿ ತಂದು, ಅದಕ್ಕೆ ಉಪ್ಪು ಕಲಸಿ ಕಲ್ಲಿಗೆ ಹಾಕುವುದನ್ನು ಕಂಡು, ಪಕ್ಕದ ಮನೆ ಚೆಲುವಯ್ಯ ಸುಮ್ಮನಿದ್ದಾನಾ?

"ಏನ್ಲಾ ದೇವ್ರಾಜ, ಕುಡಿಯೋ ನೀರಿಗೆ ಉಪ್ಪು ಹಾಕಿ ಕಲ್ಲಿಗೆ ಕುಡಿಸ್ತಾ ಇದ್ದೀಯಂತೆ? ಮುಂದಿನ ವಾರ ಜಲ್ಲಿಗೆ ಹಾಲು ಹಾಕ್ತೀಯಾ?"

"ಮೊದ್ಲು ನಿನ್ನ ಹಸೂಗೆ ಹೊಟ್ಟೆ ತುಂಬ ಹುಲ್ಲು ಹಾಕು ಹೋಗ್ಲಾ, ಊರಿಗೆಲ್ಲಾ ಕೇಳೋ ಹಂಗೆ ಕೂಗ್ತೈತೆ!" ಅಂತ ದೇವರಾಜು ಅಟ್ಟಿಸಿದ.

ಮುಕ್ತಿಯಾರ್ ಎರಡು ದಿನಕ್ಕೊಮ್ಮೆ ಫೋನು ಮಾಡಿ, "ಸಿಗಡಿ ಚೂರು ತಿನ್ನಿಸಿದ್ರಾ?" ಅಂತ ಕೇಳುತ್ತಿದ್ದ. ದೇವರಾಜು ತಿನ್ನಿಸಲಿಲ್ಲ. ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಣ್ಣ ಉದುರಿಸಿ ಸುಮ್ಮನಿರಬೇಕು. "ಇದೂ ಜ್ವರಕ್ಕೆ ಕೂತೈತೆ. ಜ್ವರದಾಗೆ ಯಾವನಾದ್ರೂ ಸಿಗಡಿ ತಿಂತಾನಾ?" ಅಂದ. ಮುಕ್ತಿಯಾರ್ ಆ ಕಡೆಯಿಂದ ತನ್ನ ಹಣೆ ಚಚ್ಚಿಕೊಂಡ ಸದ್ದು ಫೋನಿನಲ್ಲೇ ಕೇಳಿಸಿತು.

ಎರಡನೇ ವಾರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಬೆಳಗ್ಗೆ ಏಳಕ್ಕೆ ಹೋದ ಕರೆಂಟು. ಅಂಗೈಯಗಲದ ಮೋಟಾರು ನಿಂತಿತು. ದೇವರಾಜು ಲೈನ್‌ಮ್ಯಾನಿಗೆ ಫೋನು ಮಾಡಿ ಅವನ ಮೂರು ತಲೆಮಾರನ್ನು ನೆನೆಸಿಕೊಂಡ. ಅವನು "ಸಂಜೆ ಆಗ್ಬೋದು ಅಣ್ಣ" ಅಂತ ತಣ್ಣಗೆ ಅಂದ. ಬ್ಯಾಟರಿ ಹುಡುಕಿಕೊಂಡು ದೇವರಾಜು ಬೈಕಿನಲ್ಲಿ ಚನ್ನಪಟ್ಟಣಕ್ಕೆ ಓಡಿದ. ಮುಕ್ತಿಯಾರ್ ಅವತ್ತು ಬೆಂಗಳೂರಿಗೆ ಹೋಗಿದ್ದ. ಕಂಡ ಕಂಡ ಅಂಗಡಿಯವರ ಜೊತೆಯೆಲ್ಲ ಜಗಳ ಆಡಿ, ಬರಿಗೈಯಲ್ಲಿ ವಾಪಸು ಬಂದಾಗ ಮಧ್ಯಾಹ್ನ ಒಂದೂವರೆ.

ನಡುಮನೆಯಲ್ಲಿ ಸರಸಮ್ಮ ತೊಟ್ಟಿ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಸ್ಟೀಲ್ ಲೋಟ. ತೊಟ್ಟಿಯಿಂದ ನೀರು ಮೊಗೆದು, ಕಾಫಿ ಆರಿಸುವ ಹಾಗೆ ಮೇಲಿನಿಂದ ಸಣ್ಣಗೆ ಹುಯ್ಯುತ್ತಿದ್ದರು. ಮತ್ತೆ ಮೊಗೆಯುವುದು, ಮತ್ತೆ ಹುಯ್ಯುವುದು. ಸೀರೆ ಸೆರಗು ಉಪ್ಪುನೀರಲ್ಲಿ ನೆನೆದು ಬೆಳ್ಳಗೆ ಗಡುಸಾಗಿತ್ತು.

"ಏಳು ಗಂಟೆಯಿಂದ ಹಿಂಗೇ ಕೂತವ್ರೆ. ನಾನು ಹುಯ್ತೀನಿ ಅಂದ್ರೂ ಕೊಡಲ್ಲ," ಅಂದಳು ಪುಟ್ಟಿ.

"ಕೊಡಿ ಅತ್ತೆ ಇಲ್ಲಿ. ಎದ್ದು ಊಟ ಮಾಡಿ."

"ಇರಲಿ ಬುಡಿ ಅಳಿಯಂದ್ರೆ. ಮೋಟ್ರು ನಿಲ್ಲಿಸಿದ ಕೈ ಇದು. ಇದೇ ಹುಯ್ಯಲಿ."

ಪುಟ್ಟಿ ಅಲ್ಲೇ ನಿಂತಿದ್ದಳು. ಈಗ ಹೇಳಬಹುದಿತ್ತು. ಲೋಕೇಶನಿಗೆ ಬೇಡ, ಹೆಂಡತಿಗಾದರೂ. ದೇವರಾಜು ಬಾಯಿ ತೆರೆದ. ಬಾಯಿಂದ ಬಂದದ್ದು, "ಈ ಕರೆಂಟಿನವರ ಮನೆ ಹಾಳಾಗ!" ಲೋಟ ಕಿತ್ತುಕೊಳ್ಳಲು ಹೋದ. ಅತ್ತೆ ಬಿಡಲಿಲ್ಲ. ಇನ್ನೊಂದು ಲೋಟ ತಂದು ಆ ಕಡೆ ಕೂತು ಅವನೂ ಹುಯ್ದ. ಕರೆಂಟು ಬಂದದ್ದು ಐದೂಮುಕ್ಕಾಲಿಗೆ. ಅಷ್ಟರಲ್ಲಿ ಅವನ ಭುಜ ಬಿದ್ದುಹೋಗಿತ್ತು. ಅತ್ತೆಯ ಭುಜದ ಮಾತು ಅವನು ಕೇಳಲಿಲ್ಲ, ಕೇಳಲು ಮುಖವಿರಲಿಲ್ಲ.

ಆ ಭಾನುವಾರ ಲೋಕೇಶ ಕಾರಿನಲ್ಲಿ ಬಂದ. ಅಮ್ಮನನ್ನು ನೋಡಲು ಅಂತ ಅಂದ. ಕಣ್ಣು ಮಾತ್ರ ಬಾಗಿಲಿಂದಲೇ ತೊಟ್ಟಿ ಹುಡುಕುತ್ತಿತ್ತು.

"ನಿಲ್ಲು ಅಲ್ಲೇ," ಅಂದ ದೇವರಾಜು. "ಕೈ ತೊಳ್ಕೊ."

ತೊಳೆದುಕೊಂಡ.

"ಸೆಂಟ್ ಹಾಕಿದ್ದೀಯ. ಮೊಣಕೈವರೆಗೆ ಸೋಪು ಹಾಕು. ಕಾಲೂ ತೊಳಿ. ಆ ವಾಚು ಬಿಚ್ಚಿಡು."

ಸೂಪರ್‌ವೈಸರ್ ಸಾಹೇಬರು ಹಟ್ಟಿಯ ನಲ್ಲಿ ಕೆಳಗೆ ಪ್ಯಾಂಟು ಮಡಚಿಕೊಂಡು ಎರಡು ಸಲ ಸೋಪು ಹಾಕಿಕೊಂಡರು. ಚೆಲುವಯ್ಯ ಗೋಡೆ ಮೇಲಿಂದ ನೋಡಿದ. ದೇವರಾಜು ಆ ಹತ್ತು ನಿಮಿಷ ಅನುಭವಿಸಿದ ಸುಖವನ್ನು ಮದುವೆಯ ದಿನವೂ ಅನುಭವಿಸಿರಲಿಲ್ಲ.

ಲೋಕೇಶ ತೊಟ್ಟಿಗೆ ಬಗ್ಗಿ ನೋಡಿದ. ಬಿಳೀ ಕೊಂಬೆ ನಾಲ್ಕು, ತುದಿಯಲ್ಲಿ ಮುದುಡಿದ ಬಾಯಿ. "ಇದು ಏಳಲ್ಲ ಭಾವ. ಸಾಹೇಬರು ಫೋಟೋ ಕೇಳ್ತಾವ್ರೆ, ಏನ್ ಹೇಳ್ಲಿ? ನಮ್ಮಮ್ಮನ ತಲೇಲಿ ಏನು ತುಂಬೈತೋ. ಒಂದನೇ ಕ್ಲಾಸ್ ಮಗೂಗೂ ಗೊತ್ತಾಗುತ್ತೆ, ನೀರಿನ ಪಂಪ್ ನಿಲ್ಲಿಸಬಾರದು ಅಂತ. ಯಾವ ಪೆದ್ದರೂ ಮಾಡಲ್ಲ ಇಂಥ ಕೆಲಸ."

ಅಡುಗೆಮನೆ ಬಾಗಿಲಲ್ಲಿ ಸರಸಮ್ಮ ಕಾಫಿ ಹಿಡಿದು ನಿಂತಿದ್ದರು. ಲೋಟ ಮಗನ ಮುಂದಿಟ್ಟು ಒಳಗೆ ಹೋದರು.

ಪೆದ್ದ! ದೇವರಾಜುಗೆ ರಕ್ತ ತಲೆಗೇರಿತು. ಒಪ್ಪಿಕೊಳ್ಳಬೇಕು ಅಂತ ಇದ್ದ ಒಂದು ಚೂರು ಮನಸ್ಸೂ ಅಲ್ಲಿಗೆ ಸುಟ್ಟುಹೋಯಿತು. "ಲೋ, ಪೂಜೆ ಮಾಡೋದು ಪೆದ್ದತನ ಏನ್ಲಾ? ನಿಮ್ಮ ಕಾರ್ಖಾನೇಲಿ ಮಿಷನ್ನಿಗೆ ಕುಂಬಳಕಾಯಿ ಒಡೀಲಿಲ್ವಾ ನೀನು? ಒಂದು ತಿಂಗಳು ತಡಿ. ಇದು ಎದ್ದು ಕೂರಲಿಲ್ಲ ಅಂದ್ರೆ ನನ್ನ ಹೆಸರು ದೇವರಾಜು ಅಲ್ಲ!"

ಅತ್ತೆಯ ಪರ ಗಟ್ಟಿಯಾಗಿ ಮಾತಾಡಿದೆ ಅಂತ ಅವತ್ತು ಸಂಜೆವರೆಗೂ ಬೀಗಿದ. ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಮಾತಾಡಿದ್ದ.

ಮಾರನೆಯ ದಿನ ಮತ್ತೆ ಮುಕ್ತಿಯಾರನ ಅಂಗಡಿ. "ಕಲ್ಲು ಕಟ್ಟೋಕೆ ಶಕ್ತಿ ಬೇಕು ಅಣ್ಣ," ಅಂತ ಅವನು ಒಂದು ಫಾರಿನ್ ಬಾಟಲಿ ತೆಗೆದ.

"ಏನಿದ್ರಾಗೆ?"

"ಇದ್ರಲ್ಲಿ... ಸುಣ್ಣ ಕಣಣ್ಣ. ಬಗೆಬಗೆ ಮಾಡ್ತಾರೆ. ಕೆಲವರು ಸುಣ್ಣದ ತಿಳಿನೀರೇ ಹಾಕ್ತಾರೆ."

"ಸುಣ್ಣ!" ಅಂಗಡಿಯ ಗಿಳಿಮೀನುಗಳೆಲ್ಲ ಬೆಚ್ಚಿದವು. "ಮೂವತ್ತು ವರ್ಸದಿಂದ ಜ್ವರದ ಹುಳಕ್ಕೆ ನಾನು ಉದುರಿಸ್ತಾ ಇರೋದು ಸುಣ್ಣವಲ್ಲದೆ ಗೋಪಿಚಂದನವಾ? ಮೊದಲೇ ಹೇಳೋಕೆ ನಿಮಗೇನಾಗಿತ್ತು?"

"ಹುಷಾರ್ ಅಣ್ಣ, ಒಂದೇ ಸಲ ಹುಯ್ದ್ರೆ ಸುಟ್ಟು ಹೋಗ್ತದೆ. ಹನಿ ಹನಿ ಬೀಳಬೇಕು."

ಹನಿ ಹನಿ ಬೀಳಿಸಲು ದೇವರಾಜು ಮೆಡಿಕಲ್ ಸ್ಟೋರಿಗೆ ಹೋಗಿ ಗ್ಲೂಕೋಸ್ ಹಾಕುವ ಪೈಪು ತಂದ. ಹುಳಕ್ಕಿಟ್ಟ ಅರಳಿದ ಸುಣ್ಣವನ್ನು ಘಟಕದ ನೀರಲ್ಲಿ ಕದಡಿ, ರಾತ್ರಿಯೆಲ್ಲ ಕೂರಿಸಿ, ಮೇಲಿನ ತಿಳಿ ಬಸಿದು, ಬಾಟಲಿಗೆ ತುಂಬಿ ಗೋಡೆ ಮೊಳೆಗೆ ನೇತುಹಾಕಿದ. ತೊಟ್ಟಿಯಲ್ಲಿ ಆರಿಹೋದ ನೀರಿನಷ್ಟೇ, ನಿಮಿಷಕ್ಕೆ ಹತ್ತು ಹನಿ. ನೋಡಿದವರು ಆಸ್ಪತ್ರೆ ವಾರ್ಡು ಅನ್ನಬೇಕು. ಊರಿನ ಹೆಂಗಸರು ಹಣ್ಣು ತರದಿದ್ದದ್ದು ಒಂದೇ ಬಾಕಿ. ಹನಿ ಎಣಿಸುವ ಕೆಲಸ ಸರಸಮ್ಮನದು. ಬೆರಳು ಮಡಚಿ ಎಣಿಸುತ್ತಾ ಕೂರುತ್ತಿದ್ದರು, ಜಪ ಮಾಡುವ ಹಾಗೆ.

ಇಪ್ಪತ್ತೆರಡನೇ ದಿನ ಬೆಳಗ್ಗೆ ದೇವರಾಜು ಹುಳಕ್ಕೆ ಸೊಪ್ಪು ಹಾಕಿ ಬಂದವನಿಗೆ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರೆ! ಬನ್ನಿ ಇಲ್ಲಿ! ಜ್ವರ ಬುಟ್ಟೈತೆ!"

ಒಂದು ಕೊಂಬೆಯ ಬಾಯಿಯಿಂದ ಕುಚ್ಚು ಹೊರಗೆ ಬಂದಿತ್ತು. ಇಷ್ಟೇ ಇಷ್ಟು, ಉಗುರಿನುದ್ದ, ಚಿಗುರು ಹಿಪ್ಪುನೇರಳೆ ಎಲೆಯ ಬಣ್ಣ. ಮೋಟಾರಿನ ನೀರಿಗೆ ಅತ್ತ ಇತ್ತ ತೂಗುತ್ತಿತ್ತು. ದೇವರಾಜು ಮಂಡಿಯೂರಿ ಕೂತ. ಆಮೇಲೆ ಫೋನು ತೆಗೆದು ಮುಕ್ತಿಯಾರನಿಗೆ, "ಈಗ ತಿನ್ನಿಸಬೋದು, ಸಿಗಡಿ ತತ್ತೀನಿ," ಅಂದ. ಟವೆಲಿನಲ್ಲಿ ಮೂಗು ಒರೆಸಿಕೊಂಡ. ನೆಗಡಿ ಅಂತ ಪುಟ್ಟಿಗೆ ಹೇಳಿದ.

ಸಂಕ್ರಾಂತಿ ಹೊತ್ತಿಗೆ ನಾಲ್ಕೂ ಬಾಯಿ ಬಿಟ್ಟವು. ಲೋಕೇಶ ಥರ್ಮಾಕೋಲು ಡಬ್ಬ ತಂದ, ಹವಳ ಕೂರಿಸಿದ, ಮುಂದಿನ ಸೀಟಿಗಿಟ್ಟು ಬೆಲ್ಟು ಬಿಗಿದ. ಆಮೇಲೆ ನೆನಪಾಗಿ, "ಅಮ್ಮ, ನೀನೂ ಹಿಂದೆ ಕೂತ್ಕೊ, ಜಾಗ ಐತೆ," ಅಂದ. ಸರಸಮ್ಮ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತರು. ಕಿಟಕಿಯಿಂದ ಅಳಿಯನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಎಲ್ಲ ಸರಿಯಾಯಿತು ಅನ್ನುವ ಹಾಗೆ. ದೇವರಾಜು ಕೂಡ ಹಾಗೆಯೇ ಅಂದುಕೊಂಡ. ಒಪ್ಪಂದ ತೀರಿತಲ್ಲ, ಕಲ್ಲು ಬದುಕಿತು, ಬಾಯಿ ಬಿಡಬೇಕಾಗಿಲ್ಲ.

ತೀರಿದ್ದು ಅವನ ಲೆಕ್ಕದಲ್ಲಿ ಮಾತ್ರ. ಹವಳ ಸತ್ತಿದ್ದರೆ ಆ ಕತೆ ಒಂದು ವರ್ಷದಲ್ಲಿ ಹಳೆಯದಾಗಿ ಮಣ್ಣಾಗುತ್ತಿತ್ತು. ಬದುಕಿದ್ದರಿಂದ ಕತೆಯೂ ಬದುಕಿತು. ಬಿಡದಿಯ ಆ ಮನೆಗೆ ಯಾರು ಬಂದರೂ ಲೋಕೇಶ ತೊಟ್ಟಿಯ ಮುಂದೆ ನಿಲ್ಲಿಸಿ ಹೇಳುತ್ತಾನೆ: "ನಮ್ಮಮ್ಮ ಕೊಂದಿದ್ದು, ನಮ್ಮ ಭಾವ ಬದುಕಿಸಿದ್ದು." ಮ್ಯಾನೇಜರ್ ಸಾಹೇಬರಿಗೂ ಹಾಗೇ ಬರೆದು ಫೋಟೋ ಕಳಿಸಿದ. ಮುಂದಿನ ಹಬ್ಬ ಬರುವ ಮುಂಚೆಯೇ ಸ್ವಿಚ್ಚಿನ ಮೇಲೆ ಪ್ಲಾಸ್ಟಿಕ್ ಡಬ್ಬ ಕೂರಿಸಿ ಬೀಗ ಹಾಕಿಸಿದ. ಬೀಗದ ಕೈ ತಾಯಿಯೊಬ್ಬರನ್ನು ಬಿಟ್ಟು ಮಿಕ್ಕೆಲ್ಲರಿಗೂ ಸಿಗುವ ಜಾಗದಲ್ಲಿದೆ.

ಈ ವರ್ಷ ಕನಕಪುರದಲ್ಲಿ ನೆಂಟರ ಮದುವೆ. ಊಟದ ಪಂಕ್ತಿ. ಲೋಕೇಶ ಎದ್ದು ನಿಂತೇ ಶುರು ಮಾಡಿದ, ಮೋಟಾರಿಗೆ ಹೂವು ಮುಡಿಸಿದ್ದು, ಮೀನು ಹೊಟ್ಟೆ ಮೇಲೆ ಮಾಡಿದ್ದು, ಎಲ್ಲ ಅಭಿನಯ ಸಮೇತ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. "ಭಾವ ಅಂದ್ರೆ ಭಾವ! ಡಾಕ್ಟ್ರು!" ಅಂತ ದೇವರಾಜುವಿನ ಬೆನ್ನು ತಟ್ಟಿದ. ಯಾರೋ ಒಬ್ಬರು, "ಏನಜ್ಜಿ, ನಮ್ಮ ಫ್ಯಾನಿಗೂ ಪೂಜೆ ಮಾಡ್ತೀಯಾ?" ಅಂತ ಕೂಗಿದರು. ಒಬ್ಬಟ್ಟಿನ ಬುಟ್ಟಿ ಹಿಡಿದು ಬಡಿಸುತ್ತಿದ್ದ ಸರಸಮ್ಮ ಅವರ ಜೊತೆ ತಾವೂ ನಕ್ಕರು.

ದೇವರಾಜು ಎಲೆಯಿಂದ ಕೈ ಎತ್ತಿದ. ಎದ್ದು ನಿಲ್ಲಲು ಒಂದು ಮಂಡಿ ಊರಿದ. "ಲೋಕೇಶ," ಅಂದ.

ಲೋಕೇಶ ತಿರುಗಿದ. ನಾಲ್ಕು ಜನ ತಿರುಗಿದರು.

ಅಷ್ಟರಲ್ಲಿ ಸರಸಮ್ಮ ಬಂದು ಅವನ ಎಲೆಗೆ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಬಿಟ್ಟು, "ತಿನ್ನಿ ಅಳಿಯಂದ್ರೆ, ಆರೋಯ್ತದೆ," ಅಂದರು.

"ಏನ್ ಭಾವ?" ಅಂದ ಲೋಕೇಶ.

"ನೀರು ಕಳ್ಸು ಈ ಕಡೆ," ಅಂದ ದೇವರಾಜು. ಒಬ್ಬಟ್ಟು ಮುರಿದು ತಿಂದ. ಅತ್ತೆಗೆ ಕೊಡಬೇಕಾದ ಆ ಒಂದು ಮಾತು ಅವತ್ತೂ ಅವನ ಹತ್ತಿರವೇ ಉಳಿಯಿತು. ಇವತ್ತಿಗೂ ಅವನು ಕೊಟ್ಟಿಲ್ಲ, ಅವರು ಕೇಳಿಲ್ಲ.